ಪದ್ಯ ಮೊದಲು, ಅರ್ಥ ಆಮೇಲೆ

(ತ್ಯಾವಣಿಗೆಯ ಒಂದು ಮನೆಯ ಪಡಸಾಲೆ. ದೊಡ್ಡಪ್ಪ ಗದ್ದೆ ತೋಟಗಳ ದುಡಿಮೆಯಲ್ಲಿ ಆಯುಷ್ಯ ಕಳೆದ ರೈತರು, ಹಳೆಯ ಕಾವ್ಯಗಳ ಓದುಗರು. ತಮ್ಮನ ಮಗಳು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ರಜೆಗೆಂದು ಊರಿಗೆ ಬಂದಿದ್ದಾಳೆ.)

ಮಗಳು: ದೊಡ್ಡಪ್ಪ, ಒಂದು ಮಾತನ್ನು ಬಹಳ ದಿನಗಳಿಂದ ಕೇಳಬೇಕೆಂದಿದ್ದೆ, ತಪ್ಪು ತಿಳಿಯಬಾರದು. ಮಹಾಭಾರತದ ಕಥೆ ಯಾರಿಗೆ ತಾನೆ ಗೊತ್ತಿಲ್ಲ? ಕರ್ಣನು ಯಾರ ಮಗನೆಂಬುದೂ, ದುರ್ಯೋಧನನ ತೊಡೆ ಹೇಗೆ ಮುರಿಯಿತೆಂಬುದೂ ಊರಿನ ಪ್ರತಿಯೊಬ್ಬ ಹುಡುಗನಿಗೂ ಗೊತ್ತು. ಗದ್ಯಾನುವಾದಗಳುಂಟು, ಸಂಗ್ರಹಗಳುಂಟು, ಕೈಯಲ್ಲಿರುವ ಮೊಬೈಲಿನಲ್ಲಿ ವಿದ್ವಾಂಸರ ಉಪನ್ಯಾಸಗಳು ಬೇಕಾದಷ್ಟು ಸಿಗುತ್ತವೆ. ಹೀಗಿರುವಾಗ ಪಂಪನನ್ನೋ ಕುಮಾರವ್ಯಾಸನನ್ನೋ ಅವರ ಹಳೆಯ ಮಾತಿನಲ್ಲಿಯೇ ತಡವರಿಸುತ್ತ ಓದಿದರೆ, ಪಟ್ಟ ಶ್ರಮಕ್ಕೆ ತಕ್ಕ ಫಲ ನಿಜವಾಗಿಯೂ ದೊರೆಯುತ್ತದೆಯೆ?

ದೊಡ್ಡಪ್ಪ: ತಪ್ಪು ತಿಳಿಯುವುದೇಕೆ, ತಾಯಿ? ಉತ್ತರ ಹೇಳುವ ಮುನ್ನ ನಾನೂ ಒಂದು ಕೇಳುತ್ತೇನೆ. ಸಂಧಿ ಮುರಿದು ಕೃಷ್ಣನು ಹಸ್ತಿನಾವತಿಯಿಂದ ಹೊರಡುವಾಗ ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿದನಲ್ಲ, ಅದನ್ನು ಕೇಳಿ ಕರ್ಣ ಏನು ಮಾಡಿದ?

ಮಗಳು: ಪಾಂಡವರ ಕಡೆಗೆ ಬರಲಾರೆನೆಂದ. ದುರ್ಯೋಧನನ ಅನ್ನದ ಋಣವನ್ನು ಬಿಡಲಾರೆನೆಂದ.

ದೊಡ್ಡಪ್ಪ: ಅದು ಕಥೆ. ಇಲ್ಲವೆನ್ನುವುದಕ್ಕೂ ಮುಂಚೆ?

ಮಗಳು: ಮುಂಚೆ ಏನಾಯಿತು?

ದೊಡ್ಡಪ್ಪ: ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಆ ಸಂದರ್ಭವನ್ನು ನೋಡು. ಕೃಷ್ಣ ಮೊದಲು ವಿಷಯಕ್ಕೇ ಬರುವುದಿಲ್ಲ. ಭಾವಮೈದುನರ ನಡುವಣ ಸಲಿಗೆಯಿಂದ ಕರ್ಣನನ್ನು ಕರೆದು ರಥದಲ್ಲಿ ತನ್ನ ಸಮಕ್ಕೆ ಕೂರಿಸಿಕೊಳ್ಳುತ್ತಾನೆ. ಬುದ್ಧಿ ತಿಳಿದಂದಿನಿಂದ ಸೂತನ ಮಗನೆನ್ನಿಸಿಕೊಂಡು ಬೆಳೆದವನು, ಇಂಥವನ ಸರಿಸಾಟಿಯಾಗಿ ಕೂರುವ ಯೋಗ್ಯತೆ ತನಗುಂಟೆ ಎಂದು ಅಂಜುತ್ತಾನೆ. ಆ ಅಂಜಿಕೆಯನ್ನು ಕಂಡ ಕೃಷ್ಣ ತೊಡೆಗೆ ತೊಡೆ ಸೋಂಕುವಷ್ಟು ಹತ್ತಿರಕ್ಕೆ ಸರಿದು, ಆಮೇಲೆ ಗುಟ್ಟನ್ನು ಬಿಚ್ಚುತ್ತಾನೆ. ಕೇಳಿದ ಕರ್ಣನ ಕೊರಳಿನ ನರಗಳುಬ್ಬುತ್ತವೆ, ಕಣ್ಣೀರು ನುಗ್ಗಿ ಬರುತ್ತದೆ. ಆ ದುಃಖದ ಮೊದಲ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ಏಳುವ ಮಾತು ತನ್ನನ್ನು ಬಿಟ್ಟ ತಾಯಿಯನ್ನು ಕುರಿತದ್ದಲ್ಲ, ಕೈತಪ್ಪಿದ ರಾಜ್ಯವನ್ನು ಕುರಿತದ್ದೂ ಅಲ್ಲ. ಅಯ್ಯೋ, ಕೌರವನಿಗೆ ಕೇಡಾಯಿತಲ್ಲ ಎಂಬುದು. ಅಂದರೆ, ಪ್ರಪಂಚದಲ್ಲಿ ತನಗೊಂದು ಸ್ಥಾನವುಂಟೆಂದು ತಿಳಿದ ಗಳಿಗೆಯಲ್ಲಿಯೇ ಅವನು ನೆನೆದದ್ದು ಗೆಳೆಯನನ್ನು. ಈ ಒಂದು ನಡೆಯನ್ನು ಬಿಟ್ಟು ‘ಕರ್ಣನು ನಿರಾಕರಿಸಿದನು’ ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಅಲ್ಲಿ ಕರ್ಣನೂ ಇಲ್ಲ.

ಮಗಳು: ಇದು ನನಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ಈಗ ನೀವು ಹೇಳಿದ್ದರಿಂದಲೇ ತಿಳಿಯಿತಲ್ಲ, ದೊಡ್ಡಪ್ಪ! ಇನ್ನು ನಾನು ಮೂಲಕ್ಕೆ ಹೋಗಬೇಕಾದ ಅಗತ್ಯವೇನು ಉಳಿಯಿತು?

ದೊಡ್ಡಪ್ಪ: ನಾನು ಹೇಳಿದ್ದು ನನ್ನ ಕಣ್ಣಿಗೆ ಕಂಡದ್ದನ್ನು, ಅದೂ ಈ ವಯಸ್ಸಿನ ಕಣ್ಣಿಗೆ ಕಂಡದ್ದನ್ನು. ಮೀಸೆ ಮೂಡುವ ಕಾಲದಲ್ಲಿ ಇದೇ ಪದ್ಯಗಳನ್ನು ಓದಿದಾಗ ನನಗೆ ಕಂಡದ್ದು ಕರ್ಣನ ಔದಾರ್ಯವೊಂದೇ. ಬೇರೆ ಯಾವುದನ್ನೂ ನೋಡುವ ಪುರುಸೊತ್ತು ಆ ವಯಸ್ಸಿಗಿರಲಿಲ್ಲ. ಮುಂದೆ ಸಂಸಾರ ಹೂಡಿ, ಒಬ್ಬ ಗೆಳೆಯನ ಸಾಲಕ್ಕೆ ಜಾಮೀನು ನಿಂತು, ಸ್ನೇಹದ ಋಣ ಒಂದು ಕಡೆಗೂ ಹೆಂಡತಿ ಮಕ್ಕಳ ಋಣ ಇನ್ನೊಂದು ಕಡೆಗೂ ಜಗ್ಗುತ್ತಿದ್ದ ದಿನಗಳಲ್ಲಿ ಮತ್ತೆ ಆ ಪರ್ವವನ್ನು ತೆರೆದಾಗ, ಆ ಕಣ್ಣೀರಿನಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಸಂಕಟ ಕಂಡಿತು: ಯಾವ ದಾರಿ ಹಿಡಿದರೂ ಯಾರಿಗಾದರೂ ದ್ರೋಹ ಮಾಡದೆ ಗತಿಯಿಲ್ಲವೆಂಬುದನ್ನು ಅರಿತವನ ಸಂಕಟ. ಈಗ ಓದಿದರೆ ನನ್ನ ದೃಷ್ಟಿ ಕರ್ಣನನ್ನು ಬಿಟ್ಟು ಕೃಷ್ಣನ ಕಡೆಗೆ ಹೊರಳುತ್ತದೆ. ಸುಳ್ಳಿನಿಂದಲ್ಲ, ಸತ್ಯದಿಂದಲೇ, ಅದೂ ಇಷ್ಟು ಪ್ರೀತಿಯ ಸೋಂಕಿನಿಂದ, ಒಬ್ಬ ವೀರನ ಕೈಯನ್ನು ಯುದ್ಧಕ್ಕೆ ಮೊದಲೇ ಸೋಲಿಸಬಹುದೆಂಬ ಭಯಂಕರವಾದ ಸಂಗತಿ ಅಲ್ಲಿದೆ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ. ನನ್ನ ಬಾಯಿಂದ ಕೇಳಿ ಸುಮ್ಮನಾದರೆ ನಿನಗೆ ದೊರೆಯುವುದು ನನ್ನ ಈ ಮೂರರಲ್ಲಿ ಯಾವುದೋ ಒಂದು. ನಿನ್ನ ಪಾಲಿನದನ್ನು ನಿನಗೆ ಯಾರು ಓದಿಕೊಡಬೇಕು?

ಮಗಳು: ಹಾಗಾದರೆ ಓದು ಬಾರದವರ ಗತಿಯೇನು? ಮೂಲ, ಮೂಲ ಎನ್ನುತ್ತೀರಿ. ನಮ್ಮ ಹಿಂದಿನವರಲ್ಲಿ ಎಷ್ಟು ಜನರಿಗೆ ಅಕ್ಷರ ಬರುತ್ತಿತ್ತು? ಅಜ್ಜಿಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿತ್ತಂತೆ. ಕಾವ್ಯವನ್ನು ತಾನೇ ಕೈಯಲ್ಲಿ ಹಿಡಿದು ಓದುವ ಭಾಗ್ಯ ಕೆಲವರದಾಗಿತ್ತು. ಉಳಿದವರಿಗೆ ಯಾರೋ ಹೇಳಿದ್ದೇ ಪ್ರಮಾಣ.

ದೊಡ್ಡಪ್ಪ: ಅಕ್ಷರದ ವಿಷಯದಲ್ಲಿ ನಿನ್ನ ಮಾತು ನಿಜ, ಕಾವ್ಯದ ವಿಷಯದಲ್ಲಿ ಅಲ್ಲ. ನಮ್ಮವ್ವನಿಗೆ, ನಿನ್ನ ಅಜ್ಜಿಗೆ, ಅಕ್ಷರ ಬರುತ್ತಿರಲಿಲ್ಲವೆಂಬುದು ದಿಟ. ಆದರೆ ಲಕ್ಷ್ಮೀಶನ ಚಂದ್ರಹಾಸನ ಕಥೆಯಲ್ಲಿ ಎಷ್ಟೋ ಪದ್ಯಗಳು ಆಕೆಯ ಬಾಯಲ್ಲಿದ್ದುವು. ಶ್ರಾವಣ ಬಂದರೆ ಈ ಸೀಮೆಯ ಹಳ್ಳಿಗಳಲ್ಲಿ ಎಲ್ಲಿಯಾದರೂ ಒಂದು ಕಡೆ ಓದಿಸುವುದಿತ್ತು: ಗುಡಿಯಲ್ಲಿ ಭಾರತವೋ ಜೈಮಿನಿಯೋ, ಮಠದಲ್ಲಿ ಭೀಮಕವಿಯ ಬಸವಪುರಾಣವೋ ಚಾಮರಸನ ಪ್ರಭುಲಿಂಗಲೀಲೆಯೋ. ಒಬ್ಬರು ಪದ್ಯವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅದಕ್ಕೆ ಅರ್ಥ ಹೇಳುವುದು. ನಮ್ಮ ಮನೆಯ ಜಗಲಿಯಲ್ಲಿ ಓದು ನಡೆದರೆ ಅವ್ವ ಒಳಗೆ ಬಾಗಿಲ ಮರೆಯಲ್ಲಿ ಅಕ್ಕಿ ಕೇರುತ್ತ ಕೂರುತ್ತಿದ್ದಳು. ಓದುವವನು ಎಲ್ಲಿಯಾದರೂ ಗಣ ತಪ್ಪಿದನೋ, ಅವಳ ಮೊರ ನಿಲ್ಲುತ್ತಿತ್ತು. ಅರ್ಥ ಹೇಳುವವನ ತಪ್ಪನ್ನು ಅವಳು ಕ್ಷಮಿಸಿದ್ದುಂಟು, ಪದ್ಯದ ತಪ್ಪನ್ನು ಕ್ಷಮಿಸಿದ್ದಿಲ್ಲ. ಕಣ್ಣಿನಿಂದ ಓದಿದರೇನು, ಕಿವಿಯಿಂದ ಓದಿದರೇನು? ಕವಿ ಆಡಿದ ಮಾತು ಆಡಿದ ಹಾಗೆಯೇ ಬಂದು ಅವಳನ್ನು ಮುಟ್ಟಿತ್ತು. ಅದಕ್ಕಿಂತ ನೇರವಾದ ಓದು ಯಾವುದು?

ಮಗಳು: ಹಾಗೆಂದರೆ ಅಂದೂ ಅರ್ಥ ಹೇಳುವವರಿದ್ದರು, ಇಂದೂ ಇದ್ದಾರೆ. ವ್ಯತ್ಯಾಸವೇನು?

ದೊಡ್ಡಪ್ಪ: ಅಂದು ಪದ್ಯ ಮೊದಲು ಬರುತ್ತಿತ್ತು, ಅರ್ಥ ಆಮೇಲೆ. ಅರ್ಥ ಹೇಳುವವನು ಎಷ್ಟೇ ದೊಡ್ಡ ಪಂಡಿತನಾದರೂ ಪದ್ಯ ಮುಗಿಯುವ ತನಕ ಬಾಯಿ ಮುಚ್ಚಿ ಕೂತಿರಬೇಕಾಗಿತ್ತು. ಮುಗಿದ ಮೇಲೆ ಅವನು ಏನೇ ಹೇಳಲಿ, ಕೇಳುವವರ ಕಿವಿಯಲ್ಲಿ ಆಗಲೇ ಕವಿಯ ಧ್ವನಿ ಇಳಿದಿರುತ್ತಿದ್ದುದರಿಂದ, ಇವನು ಹೇಳಿದ್ದು ಸರಿಯೋ ತಪ್ಪೋ ಎಂದು ತೂಗಿ ನೋಡಲು ಅವರಲ್ಲಿಯೇ ಒಂದು ಕಲ್ಲಿರುತ್ತಿತ್ತು. ಈಗ ಅರ್ಥ ಉಳಿದಿದೆ, ಪದ್ಯ ಹೊರಟುಹೋಗಿದೆ. ನಿನ್ನ ಮೊಬೈಲಿನ ಉಪನ್ಯಾಸಕರು ಬಲ್ಲವರೇ ಇರಬಹುದು. ಆದರೆ ಅವರು ಹೇಳಿದ್ದನ್ನು ತೂಗುವುದಕ್ಕೆ ನಿನ್ನ ಬಳಿ ಏನಿದೆ?

ಮಗಳು: ನಮ್ಮೂರಿನಲ್ಲಿ ಅದು ನಿಂತುಹೋದದ್ದೇಕೆ?

ದೊಡ್ಡಪ್ಪ: ಕಾರಣ ಒಂದೇ ಅಲ್ಲ. ಆದರೆ ನನ್ನ ಲೆಕ್ಕದಲ್ಲಿ ನಾಲೆಯೂ ಒಂದು ಕಾರಣ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರೆಯ ನೀರು ನಮ್ಮ ಹೊಲಗಳಿಗೆ ಬರುವ ಮುನ್ನ ಇದು ಜೋಳ ರಾಗಿಯ ಸೀಮೆ. ಬಿತ್ತಿ, ಎಡೆ ಹೊಡೆದು, ಮಳೆಯ ದಾರಿ ನೋಡುವ ಶ್ರಾವಣದಲ್ಲಿ ರೈತನಿಗೆ ಕೂತು ಕೇಳುವ ರಾತ್ರಿಗಳಿದ್ದುವು. ನೀರು ಬಂತು, ಹೊಲ ಗದ್ದೆಯಾಯಿತು, ಶ್ರಾವಣವೆಂದರೆ ನಾಟಿಯ ಕಾಲವಾಯಿತು; ಇಡೀ ದಿನ ಕೆಸರಿನಲ್ಲಿ ಬಗ್ಗಿದ ಬೆನ್ನು ರಾತ್ರಿ ಭಾರತ ಕೇಳಲು ನೆಟ್ಟಗೆ ಕೂರಲಿಲ್ಲ. ನಾನು ನಾಲೆಯನ್ನು ದೂರಲಾರೆ, ನಮಗೆ ಅನ್ನವಿಟ್ಟದ್ದು ಅದು, ನಿನ್ನನ್ನು ಕಾಲೇಜಿಗೆ ಕಳಿಸಿದ್ದೂ ಅದೇ. ಎಲ್ಲ ಕಡೆಯೂ ಓದು ಅಳಿಯಲಿಲ್ಲವೆನ್ನುವುದಕ್ಕೆ ಶಿವಮೊಗ್ಗದ ಬಳಿ ತುಂಗಾತೀರದ ಹೊಸಹಳ್ಳಿಯುಂಟು. ಬದುಕೆಲ್ಲ ಗಮಕಕ್ಕೆ ಮುಡಿಪಿಟ್ಟ ಆ ಊರಿನ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಪ್ರಶಸ್ತಿಗಳ ಗೊಡವೆಗೆ ಹೋಗದ ನಾನೂ ಆ ದಿನ ಮನೆಯಲ್ಲಿ ಸಿಹಿ ಮಾಡಿಸಿದೆ.

ಮಗಳು: ನನಗೆ ಹೆದರಿಕೆಯಾಗುವುದು ಆ ಅಚ್ಚಿನ ಪುಟವನ್ನು ನೋಡಿದಾಗ. ಪದಗಳೆಲ್ಲ ಒಂದಕ್ಕೊಂದು ಹೊಸೆದುಕೊಂಡು, ಎಲ್ಲಿ ಒಂದು ಮುಗಿದು ಇನ್ನೊಂದು ತೊಡಗುತ್ತದೆಂಬುದೇ ತಿಳಿಯುವುದಿಲ್ಲ.

ದೊಡ್ಡಪ್ಪ: ಕಣ್ಣಿನಿಂದ ನೋಡಿದರೆ ಹೆದರಿಕೆಯಾಗಲೇಬೇಕು; ಅದು ಕಣ್ಣಿಗಾಗಿ ಬರೆದದ್ದಲ್ಲ. ಆ ಗೂಡಿನಲ್ಲಿ ರಟ್ಟು ಹೋದ ಪುಸ್ತಕವೊಂದಿದೆ, ತೆಗೆ. 1958ರಲ್ಲಿ ಕುವೆಂಪು, ಮಾಸ್ತಿ ಇಬ್ಬರೂ ಕೂಡಿ ಸಂಪಾದಿಸಿದ ‘ಕರ್ಣಾಟ ಭಾರತ ಕಥಾಮಂಜರಿ’. ಜನಸಾಮಾನ್ಯರ ಕೈಗೆಟುಕಲೆಂದೇ ಸರ್ಕಾರ ಸುಲಭ ಬೆಲೆಗೆ ಹೊರತಂದದ್ದು. ಯಾವುದಾದರೂ ಪದ್ಯವನ್ನು ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಕೈತಟ್ಟಿ ಗಟ್ಟಿಯಾಗಿ ಹೇಳು. ಆರು ಸಾಲು, ಮೂರನೆಯದೂ ಆರನೆಯದೂ ಉದ್ದ, ಅಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಯಲ್ಲಿ ಒಂದು ಗುರು.

ಮಗಳು: ಇರಿ, ಇರಿ. ಚಿಕ್ಕ ಸಾಲಿಗೆ ಹದಿನಾಲ್ಕು. ಅಂಥವು ನಾಲ್ಕು, ಐವತ್ತಾರು. ಉದ್ದದ ಸಾಲಿಗೆ ಇಪ್ಪತ್ತೊಂದು, ಗುರುವಿಗೆ ಎರಡು, ಇಪ್ಪತ್ತಮೂರು. ಅಂಥವು ಎರಡು, ನಲವತ್ತಾರು. ಒಟ್ಟು ನೂರ ಎರಡು ಮಾತ್ರೆ. ಪ್ರತಿಯೊಂದು ಪದ್ಯವೂ ಹೀಗೆಯೇ?

ದೊಡ್ಡಪ್ಪ: ಭಾಮಿನಿಯಾದರೆ ಪ್ರತಿಯೊಂದೂ. ಹತ್ತು ಪರ್ವ, ಸಾವಿರಾರು ಪದ್ಯ. ಲಕ್ಷ್ಮೀಶನ ವಾರ್ಧಕವಾದರೆ ಐದು ಮಾತ್ರೆಯ ಗಣ, ಮೊತ್ತ ನೂರ ನಲವತ್ತನಾಲ್ಕು. ನಿನ್ನ ಗಣಿತಕ್ಕೆ ಇದು ಸಂತೋಷ ಕೊಡುವುದಾದರೆ ಕೊಡಲಿ, ಅದೂ ಒಂದು ಬಾಗಿಲೇ. ಎರಡು ಸಲ ಕೈತಟ್ಟಿ ಓದಿದೆಯೆಂದರೆ ಹೊಸೆದ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಮೂರು ನಾಲ್ಕು ಸಂಧಿಗಳನ್ನು ದಾಟುವ ಹೊತ್ತಿಗೆ ನಿಘಂಟಿನ ಕಡೆಗೆ ಕೈ ಹೋಗುವುದು ಕಡಮೆಯಾಗುತ್ತದೆ.

ಮಗಳು: ಪಂಪ, ರನ್ನರ ಮಾತು ಬೇರೆಯಲ್ಲವೆ? ಅದು ನಿಜವಾಗಿಯೂ ಹಳಗನ್ನಡ.

ದೊಡ್ಡಪ್ಪ: ಬೇರೆಯೇ. ಅಲ್ಲಿ ಶ್ರಮವಿಲ್ಲವೆಂದು ಹೇಳಿದರೆ ನಿನ್ನನ್ನು ವಂಚಿಸಿದಂತಾಗುತ್ತದೆ. ಆದರೆ ನಮಗಿರುವ ಅನುಕೂಲವನ್ನು ಯೋಚಿಸು. ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರಲ್ಲಿ. ರೈಸ್ ಸಾಹೇಬರು ಅದನ್ನು ಅಚ್ಚು ಹಾಕಿಸಿದ್ದು 1898ರಲ್ಲಿ. ನಡುವಣ ಒಂಬೈನೂರೈವತ್ತು ವರ್ಷಗಳಿಗೂ ಮಿಕ್ಕ ಕಾಲ ಅದು ಓಲೆಯಿಂದ ಓಲೆಗೆ, ಕೈಯಿಂದ ಕೈಗೆ ಉಳಿದು ಬಂತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಅತ್ತಿಮಬ್ಬೆಯನ್ನು ಇಂದಿಗೂ ನೆನೆಯುತ್ತೇವೆ. ಒಂದೊಂದು ಪ್ರತಿಯೂ ಒಬ್ಬ ಲಿಪಿಕಾರನ ಬೆರಳಿನ ನೋವು. ನಮಗೋ, 1931ರ ಪರಿಷತ್ತಿನ ಮುದ್ರಣವುಂಟು. ಪದ್ಯಪದ್ಯಕ್ಕೂ ಕೈಹಿಡಿದು ನಡೆಸುವ, ಡಿ. ಎಲ್. ನರಸಿಂಹಾಚಾರ್ಯರ 1971ರ ‘ಪಂಪಭಾರತ ದೀಪಿಕೆ’ಯುಂಟು. ಅಂಥ ವಿದ್ವಾಂಸರು ತಮ್ಮ ಕಣ್ಣು ಸವೆಸಿ ದಾರಿ ಮಾಡಿಟ್ಟಿರುವಾಗ, ನಡೆಯಲಾರೆವೆಂದು ಕೂತರೆ ನಮಗೇ ನಷ್ಟ.

ಮಗಳು: ಆದರೆ ಆ ಕಾವ್ಯಗಳಲ್ಲಿ ಕುಲದ ಮಾತು, ಹೆಂಗಸರನ್ನು ಕುರಿತ ಮಾತು, ಇಂದು ಒಪ್ಪಲಾಗದ್ದು ಎಷ್ಟೋ ಇದೆಯೆನ್ನುತ್ತಾರೆ. ರಾಜನ ಆಶ್ರಯದಲ್ಲಿದ್ದವರು ರಾಜನನ್ನು ಹೊಗಳಲು ಬರೆದದ್ದು ಎನ್ನುತ್ತಾರೆ.

ದೊಡ್ಡಪ್ಪ: ಎನ್ನುತ್ತಾರೆ. ಹೊಗಳುವವರೂ ಎನ್ನುತ್ತಾರೆ, ತೆಗಳುವವರೂ ಎನ್ನುತ್ತಾರೆ; ಇಬ್ಬರ ಮಾತೂ ಕಡ ತಂದದ್ದಾದರೆ ಎರಡೂ ಒಂದೇ. ಪಂಪ ಅರಿಕೇಸರಿಯ ಆಶ್ರಿತನೆಂಬುದು ನಿಜ. ಅರಸನನ್ನು ಅರ್ಜುನನೊಡನೆ ಅಭೇದಗೊಳಿಸಿ, ಅದಕ್ಕೆ ಒಪ್ಪುವಂತೆ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿ ಮಾಡಿದನೆಂಬುದೂ ನಿಜ. ಇಷ್ಟನ್ನು ಯಾವ ಸಂಗ್ರಹದಲ್ಲಾದರೂ ಓದಬಹುದು. ಆದರೆ ಅದೇ ಅರ್ಜುನನ ಬಾಣಕ್ಕೆ ಕರ್ಣ ಬಿದ್ದ ಕೂಡಲೆ, ಅರಸನ ಗೆಲವನ್ನು ಕೊಂಡಾಡಬೇಕಾದ ಆ ಜಾಗದಲ್ಲಿ, ಕವಿ ನಮ್ಮ ಕಡೆಗೆ ತಿರುಗಿ, ಭಾರತದಲ್ಲಿ ಒಬ್ಬನನ್ನು ನೆನೆಯಬೇಕಾದರೆ ಕರ್ಣನನ್ನು ನೆನೆಯಿರಿ ಎಂದು ಬೇಡಿಕೊಳ್ಳುತ್ತಾನೆ. ಇನ್ನು ಕುಲದ ಮಾತು. ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಹೊತ್ತಿನಲ್ಲಿ ಕರ್ಣ ಆ ಮುದುಕನನ್ನು ಹೀಯಾಳಿಸುತ್ತಾನೆ, ದ್ರೋಣ ಸಿಟ್ಟಿಗೆದ್ದು ಕರ್ಣನ ಕುಲವನ್ನು ಎತ್ತಿ ಆಡುತ್ತಾನೆ. ಆಗ ಕರ್ಣನ ಬಾಯಿಂದ, ಮನುಷ್ಯನ ಕುಲ ಅವನ ಹುಟ್ಟಲ್ಲ, ಅವನ ಛಲ ಗುಣ ಅಭಿಮಾನ ಶೌರ್ಯಗಳೇ ಎಂಬ ಅರ್ಥದ ಉತ್ತರ ಬರುತ್ತದೆ. ಹತ್ತನೆಯ ಶತಮಾನದಲ್ಲಿ, ಅರಸನ ಆಸ್ಥಾನದಲ್ಲಿ ಓದಿಸಬೇಕಾದ ಕಾವ್ಯದಲ್ಲಿ! ಒಪ್ಪದ್ದು ಅಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ನೀನೇ ಓದಿ, ನೀನೇ ಆ ಕವಿಯೊಡನೆ ಜಗಳವಾಡು. ಆ ಜಗಳವನ್ನೂ ಇನ್ನೊಬ್ಬರಿಗೆ ವಹಿಸಬೇಡ.

ಮಗಳು: ಗದ್ಯದಲ್ಲಿ ಬರೆದವರ ಮೇಲೆ ನಿಮಗೆ ಮುನಿಸಿದೆಯೇನೋ ಎಂದು ಅನುಮಾನವಾಗುತ್ತದೆ.

ದೊಡ್ಡಪ್ಪ: ಛೆ, ಛೆ. ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವನ್ನು ಓದದಿದ್ದರೆ ವ್ಯಾಸರ ಹೆಸರಿಗೂ ನನಗೂ ಸಂಬಂಧವೇ ಬೆಳೆಯುತ್ತಿರಲಿಲ್ಲ. ಬಾಗಿಲವರೆಗೆ ಕರೆದುಕೊಂಡು ಹೋಗುವವರಿಗೆ ಕೈಮುಗಿಯುತ್ತೇನೆ; ಒಳಗೆ ಹೋಗದೆ ಅಲ್ಲಿಂದಲೇ ಹಿಂದಿರುಗುವವರನ್ನು ಕಂಡು ಮರುಗುತ್ತೇನೆ, ಅಷ್ಟೆ. ಟಾಲ್‌ಸ್ಟಾಯ್ ನಲವತ್ತು ದಾಟಿದ ಮೇಲೆ ಗ್ರೀಕ್ ಕಲಿತು ಹೋಮರನನ್ನು ಅವನ ಮಾತಿನಲ್ಲಿಯೇ ಓದಿದ. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ರುದ್ರನಾಟಕಗಳನ್ನೂ ಬಲ್ಲವರು, ರನ್ನನನ್ನೂ ಬಲ್ಲವರು. ಎರಡನ್ನೂ ನೇರವಾಗಿ ಕಂಡ ಕಣ್ಣಾದುದರಿಂದಲೇ ಸೋಲುವ ದುರ್ಯೋಧನನಲ್ಲಿ ಒಬ್ಬ ದುರಂತನಾಯಕನನ್ನು ಗುರುತಿಸಿ, 1926ರಲ್ಲಿ ‘ಗದಾಯುದ್ಧನಾಟಕಂ’ ಕೊಡಲು ಸಾಧ್ಯವಾಯಿತು.

ಮಗಳು: ರನ್ನನ ಹೆಸರೆತ್ತಿದಿರಿ. ಅಪ್ಪ ತೀರಿಕೊಂಡ ವರ್ಷ ನಾನು ಬಂದಾಗಲೆಲ್ಲ ನಿಮ್ಮ ಕೈಯಲ್ಲಿ ಗದಾಯುದ್ಧವಿರುತ್ತಿತ್ತು. ಅಂಥ ಸಮಯದಲ್ಲಿ ಯುದ್ಧದ ಕಾವ್ಯವೇಕೆಂದು ನನಗೆ ಆಗ ತಿಳಿಯಲಿಲ್ಲ. ಕೇಳುವುದಕ್ಕೂ ಧೈರ್ಯ ಬರಲಿಲ್ಲ.

ದೊಡ್ಡಪ್ಪ: ಈಗ ಕೇಳಿದೆಯಲ್ಲ, ಹೇಳುತ್ತೇನೆ. ಯುದ್ಧ ಮುಗಿಯುತ್ತ ಬಂದಿದೆ. ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯುತ್ತಾನೆ. ದ್ರೋಣನನ್ನು ನೋಡುತ್ತಾನೆ, ಶತ್ರುವಿನ ಮಗನಾದ ಅಭಿಮನ್ಯುವನ್ನು ನೋಡಿ, ಆ ಹುಡುಗನ ಸಾಹಸಕ್ಕೆ ಕೈಮುಗಿದು, ತನಗೂ ಇಂಥ ಸಾವು ಬರಲೆನ್ನುತ್ತಾನೆ, ತನ್ನ ಮಗ ಲಕ್ಷ್ಮಣಕುಮಾರನನ್ನು ನೋಡುತ್ತಾನೆ. ಅಲ್ಲಿಯೇ ತಮ್ಮ ದುಶ್ಶಾಸನನ ಹೆಣವನ್ನೂ ಕಾಣುತ್ತಾನೆ. ತಾಯಿಯ ಹಾಲನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು. ಉಣ್ಣುವುದರಲ್ಲಿ, ಕುಡಿಯುವುದರಲ್ಲಿ, ಎಲ್ಲದರಲ್ಲಿಯೂ ನಾನು ಮುಂದೆ, ನೀನು ಹಿಂದೆ. ಸಾಯುವುದರಲ್ಲಿ ಮಾತ್ರ ಆ ಕ್ರಮವನ್ನೇಕೆ ತಪ್ಪಿಸಿದೆ ಎಂಬ ಭಾವದ ಪದ್ಯವೊಂದು ಅಲ್ಲಿ ಬರುತ್ತದೆ. ಅದನ್ನು ನಾನು ಹುಡುಗನಾಗಿದ್ದಾಗಲೇ ಬಾಯಿಪಾಠ ಮಾಡಿದ್ದೆ. ಅದರ ನಡಿಗೆಗೆ ಮಾರುಹೋಗಿ ಮಾಡಿದ್ದು, ದುಃಖ ತಿಳಿದು ಮಾಡಿದ್ದಲ್ಲ. ನಿನ್ನ ಅಪ್ಪನನ್ನು ಮಣ್ಣು ಮಾಡಿ ಬಂದ ರಾತ್ರಿ, ಬಂದವರೆಲ್ಲ ಸಮಾಧಾನ ಹೇಳಿ ಹೋದ ಮೇಲೆ, ನಾನು ಕರೆಯದೆಯೇ ಆ ಪದ್ಯ ಬಂತು. ದುಶ್ಶಾಸನನೆಲ್ಲಿ, ಇರುವೆಗೂ ಕೇಡು ಬಯಸದ ನಿನ್ನ ಅಪ್ಪನೆಲ್ಲಿ! ಆದರೆ ತಮ್ಮನನ್ನು ಕಳೆದುಕೊಂಡ ಅಣ್ಣನಿಗೆ ಆಡಲು ಬೇಕಾದ ಮಾತು ನನ್ನಲ್ಲಿರಲಿಲ್ಲ, ರನ್ನನಲ್ಲಿತ್ತು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಮನುಷ್ಯ ಸಾವಿರ ವರ್ಷಗಳ ಹಿಂದೆ ನನಗಾಗಿ ಅದನ್ನು ಬರೆದಿಟ್ಟಿದ್ದನೆಂದೇ ಅನ್ನಿಸಿತು. ಕಥೆಯ ಸಾರಾಂಶವಷ್ಟೇ ತಿಳಿದಿದ್ದರೆ ಆ ರಾತ್ರಿ ನನಗೆ ಏನು ಬರುತ್ತಿತ್ತು? ‘ದುರ್ಯೋಧನನು ತಮ್ಮನಿಗಾಗಿ ಶೋಕಿಸಿದನು’ ಎಂಬ ವಾಕ್ಯ ಬರುತ್ತಿತ್ತೆ?

ಮಗಳು: ಇದನ್ನು ನನ್ನ ಅವ್ವನಿಗೆ ಎಂದಾದರೂ ಹೇಳಿದಿರಾ?

ದೊಡ್ಡಪ್ಪ: ಇಲ್ಲ. ಅವಳಿಗೆ ನಾನು ಏನು ಹೇಳಬಲ್ಲೆ? ಓದಿದರೆ ಅವಳೇ ಕೇಳಿಕೊಂಡಾಳು.

ಮಗಳು: ರಾತ್ರಿ ಊಟವಾದ ಮೇಲೆ ಓದೋಣ, ದೊಡ್ಡಪ್ಪ. ಅವ್ವನನ್ನೂ ಕರೆಯುತ್ತೇನೆ. ನಾನು ಪದ್ಯ ಓದುತ್ತೇನೆ, ತಪ್ಪಿದರೆ ತಿದ್ದಿ. ಅರ್ಥ ನೀವು ಹೇಳಿ. ರನ್ನ ಮಾತ್ರ ಇವತ್ತು ಬೇಡ.

ದೊಡ್ಡಪ್ಪ: ಬೇಡ, ಅವನಿಗೆ ಅವಸರವಿಲ್ಲ. ಕುಮಾರವ್ಯಾಸನ ವಿರಾಟಪರ್ವ ತೆಗೆ. ಉತ್ತರಕುಮಾರ ಹೆಂಗಸರ ಮುಂದೆ ಶೌರ್ಯ ಕೊಚ್ಚಿಕೊಂಡು ಹೊರಟು, ಕೌರವಸೇನೆ ಕಣ್ಣಿಗೆ ಬಿದ್ದ ಕೂಡಲೆ ರಥದಿಂದ ಧುಮುಕಿ ಓಡುತ್ತಾನಲ್ಲ, ಅಲ್ಲಿಂದ ಹಿಡಿ. ನಿನ್ನ ಅವ್ವನಿಗೆ ಆ ಭಾಗವೆಂದರೆ ನಗು ತಡೆಯುವುದಿಲ್ಲ.

ಮಗಳು: ಶಾಲೆ ತೆರೆದ ಮೇಲೆ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೂ ಅದನ್ನೇ ಓದಿಸಿದರೆ ಹೇಗೆ? ಕನ್ನಡ ಮೇಷ್ಟರನ್ನು ಕೇಳಿಕೊಂಡು ಶನಿವಾರದ ಕೊನೆಯ ಅವಧಿಯನ್ನು ತೆಗೆದುಕೊಳ್ಳುತ್ತೇನೆ. ಮಾತ್ರೆ ಎಣಿಸುವ ನೆವದಿಂದ ತೊಡಗಿದರೆ ಗಣಿತದ ಪಾಠವೆಂದೇ ಕೂರುತ್ತಾರೆ.

ದೊಡ್ಡಪ್ಪ: ಒಳ್ಳೆಯದು. ಪುಸ್ತಕ ಸಾಲದಿದ್ದರೆ ಪದ್ಯಗಳನ್ನು ಹಲಗೆಯ ಮೇಲೆ ಬರೆ, ಎಲ್ಲರೂ ಒಟ್ಟಿಗೆ ಕೈತಟ್ಟಿ ಹೇಳಲಿ. ಮೊದಲೇ ಕಥೆ ಹೇಳಿಬಿಡಬೇಡ. ಉತ್ತರ ಓಡಿದನೋ ನಿಂತನೋ ಎಂದು ಅವರೇ ಕೇಳುವವರೆಗೆ ಅರ್ಥವನ್ನು ತಡೆದಿಡು. ಯಾವ ಪದ್ಯಗಳೆಂಬುದನ್ನು ಈಗಲೇ ಗುರುತು ಮಾಡಿಕೊಡುತ್ತೇನೆ. ಪೆನ್ಸಿಲ್ ಇದ್ದರೆ ತಾ.